ದುರಸ್ತಿ ಕೆಲಸಕ್ಕೆ ತಪಾಸಣಾ ಕನ್ನಡಿ: ಬಾಳಿಕೆ ಬರುವುದನ್ನು ಆರಿಸುವ ಬಗೆ

ಮುಂಗಾರಿನ ಮೊದಲ ಹದಮಳೆ ಬಿದ್ದ ಮೇಲೆ ಬಿತ್ತನೆಗೆ ಸಿಗುವ ಕಾಲ ಕೆಲವೇ ದಿನಗಳು. ಆ ದಿನಗಳಲ್ಲಿ ಟ್ರ್ಯಾಕ್ಟರು ಕೆಟ್ಟು ನಿಂತರೆ ಆಗುವ ನಷ್ಟವು ದುರಸ್ತಿಯ ಖರ್ಚಿಗಿಂತ ಹೆಚ್ಚಿನದು. ಹದ ತಪ್ಪಿದ ನೆಲವನ್ನು ಯಾವ ಮೆಕ್ಯಾನಿಕ್ಕೂ ದುರಸ್ತಿ ಮಾಡಿಕೊಡಲಾರ. ಹೀಗೆ ಕೈಕೊಡುವ ಅನೇಕ ದೋಷಗಳು ಒಂದೇ ದಿನದಲ್ಲಿ ಹುಟ್ಟಿದವುಗಳಲ್ಲ. ಎಂಜಿನ್ನಿನ ಅಡಿಯಲ್ಲಿ, ಹಿಂಬದಿಯಲ್ಲಿ, ಎರಡು ಭಾಗಗಳ ಸಂದಿನಲ್ಲಿ ವಾರಗಟ್ಟಲೆ ಮೊದಲೇ ಅವು ಸುಳಿವು ಕೊಟ್ಟಿರುತ್ತವೆ. ಆದರೆ ಆ ಸ್ಥಳಗಳಿಗೆ ಕಣ್ಣು ಹಾಯುವುದಿಲ್ಲ.

ಕಣ್ಣು ಹಾಯದ ಕಡೆ ನೋಡಲು ಕನ್ನಡಿಯನ್ನು ಬಳಸುವುದು ನಮ್ಮ ರೈತರಿಗೆ ಹೊಸದಲ್ಲ. ಸೇದುವ ಬಾವಿಗೆ ಕೊಡ ಬಿದ್ದಾಗ ಮನೆಯ ಕನ್ನಡಿಯನ್ನು ಬಿಸಿಲಿಗೆ ಹಿಡಿದು, ಬೆಳಕನ್ನು ಬಾವಿಯ ತಳಕ್ಕೆ ಹಾಯಿಸಿ, ಕೊಡ ಇರುವ ಜಾಗವನ್ನು ಕಂಡುಕೊಂಡು ಪಾತಾಳಗರಡಿ ಇಳಿಬಿಡುವ ರೂಢಿ ಹಿಂದಿನಿಂದಲೂ ಇದೆ. ಕೊಳವೆ ಬಾವಿಯ ಕೇಸಿಂಗ್ ಪೈಪಿನ ಒಳಭಾಗವನ್ನೂ ಇದೇ ರೀತಿ ನೋಡುತ್ತಾರೆ. ಉದ್ದನೆಯ ಹಿಡಿಯ ತುದಿಗೆ ತಿರುಗುವ ಕೀಲಿನ ಮೂಲಕ ಜೋಡಿಸಿದ ಸಣ್ಣ ಕನ್ನಡಿಯೇ ದುರಸ್ತಿ ಕೆಲಸದ ತಪಾಸಣಾ ಕನ್ನಡಿ. ಹಲ್ಲಿನ ವೈದ್ಯರು ಬಾಯೊಳಗೆ ಇಟ್ಟು ನೋಡುವ ಕನ್ನಡಿಯ ಅಣ್ಣನೆಂದು ಇದನ್ನು ಕರೆಯಬಹುದು.

ಇದು ಸ್ಪ್ಯಾನರು, ಸುತ್ತಿಗೆಗಳಂತೆ ಗಟ್ಟಿಯಾದ ಸಲಕರಣೆಯಲ್ಲ. ಎಣ್ಣೆ, ಧೂಳು, ಶಾಖ, ಪೆಟ್ಟು ಇವುಗಳ ನಡುವೆಯೇ ಕೆಲಸ ಮಾಡಬೇಕಾಗುತ್ತದೆ. ಆದುದರಿಂದ ಕೊಳ್ಳುವಾಗ ಯೋಚಿಸಿ ಆರಿಸದಿದ್ದಲ್ಲಿ ಒಂದು ಹಂಗಾಮು ಕಳೆಯುವುದರೊಳಗೆ ಮೂಲೆ ಸೇರುತ್ತದೆ.

ಕನ್ನಡಿಯಿಂದ ಆಗುವ ಪ್ರಯೋಜನ

ಒಂದು ಉದಾಹರಣೆಯಿಂದ ಇದು ಸ್ಪಷ್ಟವಾಗುತ್ತದೆ. ಟ್ರ್ಯಾಕ್ಟರಿನ ರೇಡಿಯೇಟರಿಗೆ ದಿನವೂ ನೀರು ಹಾಕಬೇಕಾಗಿ ಬರುತ್ತಿದೆ ಎಂದಿಟ್ಟುಕೊಳ್ಳೋಣ. ಹೊರಗೆ ಎಲ್ಲಿಯೂ ಸೋರುವಿಕೆ ಕಾಣುವುದಿಲ್ಲ. ಹೆಡ್ ಗ್ಯಾಸ್ಕೆಟ್ ಹೋಗಿರಬೇಕೆಂದು ಎಂಜಿನ್ನಿನ ಹೆಡ್ ಬಿಚ್ಚಿಸುವವರು ಉಂಟು. ದಿನವೂ ನೀರು ಹಾಕಿಕೊಂಡೇ ಕಾಲ ತಳ್ಳುವವರೂ ಉಂಟು. ಎಂಜಿನ್ನಿನ ಮುಂಭಾಗದಲ್ಲಿರುವ ನೀರಿನ ಪಂಪಿನ ಅಡಿಯಲ್ಲಿ ಒಂದು ಸಣ್ಣ ರಂಧ್ರವಿರುತ್ತದೆ. ಪಂಪಿನ ಸೀಲು ಸವೆದಾಗ ನೀರು ಬೇರಿಂಗಿಗೆ ನುಗ್ಗದೆ ಹೊರಗೆ ಬೀಳಲೆಂದೇ ಅದನ್ನು ಬಿಟ್ಟಿರುತ್ತಾರೆ. ಈ ರಂಧ್ರ ನೆಲದ ಕಡೆಗೆ ಮುಖ ಮಾಡಿರುವುದರಿಂದ ನೇರವಾಗಿ ಕಾಣುವುದಿಲ್ಲ. ಹನಿಗಳು ಮುಂದಿನ ಆ್ಯಕ್ಸಲಿನ ಮೇಲೆ ಬಿದ್ದು ಗಾಳಿಗೆ ಆರಿಹೋಗುತ್ತವೆ. ಪಂಪಿನ ಕೆಳಗೆ ಕನ್ನಡಿ ಹಿಡಿದರೆ ರಂಧ್ರದ ಸುತ್ತ ತುಕ್ಕಿನ ಅಥವಾ ಕೂಲೆಂಟಿನ ಬಣ್ಣದ ಗೆರೆ ಕಾಣುತ್ತದೆ. ಸೀಲು ಅಥವಾ ಪಂಪನ್ನು ಬದಲಾಯಿಸಿದರೆ ಕೆಲಸ ಮುಗಿಯಿತು. ಇದನ್ನು ಅಲಕ್ಷಿಸಿದರೆ ಒಂದು ದಿನ ಉಳುಮೆಯ ಮಧ್ಯೆ ನೀರು ಬತ್ತಿ, ಎಂಜಿನ್ ಮಿತಿಮೀರಿ ಕಾದು, ಹೆಡ್ ಸೊಟ್ಟಗಾಗಿ, ಪಿಸ್ಟನ್ ಹಿಡಿದುಕೊಳ್ಳುವವರೆಗೂ ಹೋಗಬಹುದು.

ಬಿಚ್ಚದೆಯೇ ನೋಡುವುದರಿಂದ ಇನ್ನೊಂದು ಲಾಭವೂ ಇದೆ. ಅನವಶ್ಯಕವಾಗಿ ಬಿಚ್ಚಿದಾಗಲೆಲ್ಲ ಗ್ಯಾಸ್ಕೆಟ್ಟುಗಳು ಹಾಳಾಗುತ್ತವೆ, ಬೋಲ್ಟಿನ ಮರೆಗಳು ಸವೆಯುತ್ತವೆ, ಒಳಗೆ ಧೂಳು ಸೇರುತ್ತದೆ.

ಕನ್ನಡಿಯ ಬಗೆಗಳು

ತಪಾಸಣಾ ಕನ್ನಡಿಯ ಬಾಳಿಕೆ ಮುಖ್ಯವಾಗಿ ಅದನ್ನು ಯಾವ ವಸ್ತುವಿನಿಂದ ಮಾಡಿದ್ದಾರೆ ಎಂಬುದನ್ನು ಅವಲಂಬಿಸಿದೆ. ಪೇಟೆಯಲ್ಲಿ ಸಾಮಾನ್ಯವಾಗಿ ಮೂರು ಬಗೆಗಳು ದೊರೆಯುತ್ತವೆ.

1. ಗಾಜಿನ ಕನ್ನಡಿ: ಗಾಜಿನ ಹಿಂಬದಿಗೆ ಬೆಳ್ಳಿ ಅಥವಾ ಅಲ್ಯೂಮಿನಿಯಂನ ತೆಳುಲೇಪ ಕೊಟ್ಟು, ಅದರ ಮೇಲೆ ಬಣ್ಣ ಬಳಿದಿರುತ್ತಾರೆ. ಗಾಜಿಗೆ ಬೆಳ್ಳಿ ಲೇಪಿಸುವ ರಾಸಾಯನಿಕ ವಿಧಾನವನ್ನು ಜರ್ಮನಿಯ ವಿಜ್ಞಾನಿ ಯುಸ್ಟಸ್ ಫಾನ್ ಲೀಬಿಗ್ 1835ರಲ್ಲಿ ಕಂಡುಹಿಡಿದರು. ಸಸ್ಯಗಳಿಗೆ ಖನಿಜ ಪೋಷಕಾಂಶಗಳ ಅಗತ್ಯವನ್ನು ಸಾರಿ ರಸಗೊಬ್ಬರದ ವಿಜ್ಞಾನಕ್ಕೆ ತಳಹದಿ ಹಾಕಿದವರೂ ಇವರೇ ಎಂಬುದು ರೈತರಿಗೆ ಸ್ವಾರಸ್ಯದ ವಿಷಯ. ಒಳ್ಳೆಯ ಗಾಜಿನ ಕನ್ನಡಿ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಸುಮಾರು ಶೇ. 85ರಿಂದ 90ರಷ್ಟನ್ನು ಹಿಂದಿರುಗಿಸುತ್ತದೆ. ಗಾಜಿಗೆ ಸುಲಭವಾಗಿ ಗೀರು ಬೀಳುವುದಿಲ್ಲ. ಸೀಮೆಎಣ್ಣೆ, ಡೀಸಲ್ ತಾಕಿದರೆ ಗಾಜಿಗೆ ಏನೂ ಆಗುವುದಿಲ್ಲ.

ದೋಷಗಳು ಎರಡು. ಮೊದಲನೆಯದಾಗಿ, ಬಿದ್ದರೆ ಒಡೆಯುತ್ತದೆ. ಒಡೆದ ಚೂರು ಗೇರ್ ಬಾಕ್ಸಿನ ಒಳಗೋ ಕ್ಲಚ್ ಹೌಸಿಂಗಿನ ಒಳಗೋ ಬಿದ್ದರೆ ಅದನ್ನು ತೆಗೆಯುವುದೇ ದೊಡ್ಡ ಕೆಲಸವಾಗುತ್ತದೆ. ಎರಡನೆಯದಾಗಿ, ಅಂಚಿನಿಂದ ತೇವ, ಎಣ್ಣೆ, ಥಿನ್ನರ್ ಒಳನುಗ್ಗಿ ಹಿಂಬದಿಯ ಲೇಪವನ್ನು ತಿನ್ನುತ್ತವೆ. ಸುತ್ತಲೂ ಕಪ್ಪು ಕಲೆಗಳು ಹುಟ್ಟಿ ನಡುಭಾಗಕ್ಕೆ ಹರಡುತ್ತವೆ. ಗಾಜಿನ ಕನ್ನಡಿ ಬಿದ್ದು ಒಡೆಯದಿದ್ದರೂ ಕೊನೆಗೆ ಕೆಡುವುದು ಅಂಚಿನಿಂದಲೇ.

2. ಉಕ್ಕಿನ ಕನ್ನಡಿ: ತುಕ್ಕು ಹಿಡಿಯದ ಸ್ಟೇನ್‌ಲೆಸ್ ಸ್ಟೀಲ್ ತಗಡನ್ನು ಚೆನ್ನಾಗಿ ಮೆರುಗುಗೊಳಿಸಿ ಮಾಡಿದ್ದು. ಲೋಹಕ್ಕೇ ಮೆರುಗು ಕೊಟ್ಟು ಕನ್ನಡಿ ಮಾಡುವುದು ಹಳೆಯ ವಿದ್ಯೆ. ನೆರೆಯ ಕೇರಳದ ಆರನ್ಮುಳ ಕನ್ನಡಿ ತವರ ಮತ್ತು ತಾಮ್ರದ ಮಿಶ್ರಲೋಹದಿಂದ ಮಾಡಿದ್ದು. ಉಕ್ಕಿನ ಕನ್ನಡಿ ಬಿದ್ದರೆ ಒಡೆಯುವುದಿಲ್ಲ, ಹಿಂಬದಿಯ ಲೇಪವಿಲ್ಲದ್ದರಿಂದ ಕಪ್ಪಾಗುವುದಿಲ್ಲ, ಶಾಖಕ್ಕೂ ಜಗ್ಗುವುದಿಲ್ಲ. ಆದರೆ ಹಿಂದಿರುಗಿಸುವ ಬೆಳಕು ಸುಮಾರು ಶೇ. 60ರಷ್ಟು ಮಾತ್ರ. ಒರಟಾಗಿ ಒರೆಸಿದರೆ ಗೀರು ಬಿದ್ದು ಮಸುಕಾಗುತ್ತದೆ. ತಗಡು ತೆಳುವಾಗಿದ್ದರೆ ಬಾಗಿ, ಕಾಣುವ ಬಿಂಬ ಸೊಟ್ಟಗಾಗುತ್ತದೆ.

3. ಅಕ್ರಿಲಿಕ್ ಕನ್ನಡಿ: ಪ್ಲಾಸ್ಟಿಕ್ ಜಾತಿಯದು. ಗಾಜಿನ ಅರ್ಧದಷ್ಟೂ ತೂಕವಿರುವುದಿಲ್ಲ, ಗಾಜಿನಂತೆ ಚೂರುಚೂರಾಗುವುದೂ ಇಲ್ಲ. ಆದರೆ ಒಣ ಬಟ್ಟೆಯಿಂದ ಧೂಳನ್ನು ಒರೆಸಿದರೂ ಗೀರು ಬೀಳುತ್ತದೆ. ಥಿನ್ನರ್, ಪೆಟ್ರೋಲು, ಸ್ಪಿರಿಟ್ ತಗುಲಿದರೆ ಮೇಲ್ಮೈಯಲ್ಲಿ ಜೇಡರ ಬಲೆಯಂತಹ ಬಿರುಕುಗಳು ಏಳುತ್ತವೆ. ಕಾದ ಸೈಲೆನ್ಸರಿನ ಹತ್ತಿರ ಹಿಡಿದರೆ ಮೆತ್ತಗಾಗಿ ಬಾಗುತ್ತದೆ. ಎಂಜಿನ್ ಕೆಲಸಕ್ಕೆ ಇದು ತಕ್ಕುದಲ್ಲ. ವಿದ್ಯುತ್ ಪ್ಯಾನೆಲ್ ಬೋರ್ಡಿನ ಹಿಂಬದಿ, ಹಾಲು ಕರೆಯುವ ಯಂತ್ರದ ಭಾಗಗಳು ಮುಂತಾದ ತಣ್ಣನೆಯ, ಚೊಕ್ಕಟ ಸ್ಥಳಗಳನ್ನು ನೋಡಲು ಸಾಕು.

ಯಾವುದು ಮೇಲು?

ಇದಕ್ಕೆ ಬೆಳಕಿನ ಲೆಕ್ಕವನ್ನು ತಿಳಿಯಬೇಕು. ಕತ್ತಲೆಯ ಸಂದಿನಲ್ಲಿ ನೋಡುವಾಗ ಟಾರ್ಚಿನ ಬೆಳಕನ್ನು ಕನ್ನಡಿಯ ಮೇಲೆಯೇ ಬಿಡುತ್ತೇವೆ. ಬೆಳಕು ಕನ್ನಡಿಯಿಂದ ಭಾಗಕ್ಕೆ ಹೋಗಿ, ಭಾಗದಿಂದ ಮತ್ತೆ ಕನ್ನಡಿಗೆ ಬಂದು ಕಣ್ಣು ಸೇರುತ್ತದೆ. ಅಂದರೆ ಕನ್ನಡಿಗೆ ಎರಡು ಸಲ ತೆರಿಗೆ ತೆರಬೇಕಾಗುತ್ತದೆ. ಶೇ. 85ರ ಗಾಜಿನಲ್ಲಿ ಎರಡು ಸಲದ ನಂತರ ಉಳಿಯುವುದು ಸುಮಾರು ಶೇ. 72. ಶೇ. 60ರ ಉಕ್ಕಿನಲ್ಲಿ ಉಳಿಯುವುದು ಶೇ. 36 ಮಾತ್ರ. ಹೀಗಾಗಿ ಉಕ್ಕಿನ ಕನ್ನಡಿಗೆ ಸರಿಸುಮಾರು ಎರಡರಷ್ಟು ಬೆಳಕು ಬೇಕು. ಇಂದು ಪ್ರಖರವಾದ ಎಲ್.ಇ.ಡಿ. ಟಾರ್ಚುಗಳು ಕಡಿಮೆ ಬೆಲೆಗೆ ದೊರೆಯುವುದರಿಂದ ಇದು ದೊಡ್ಡ ಕೊರತೆಯಲ್ಲ.

ಆದುದರಿಂದ ಹೊಲದಲ್ಲಿ, ಟ್ರ್ಯಾಕ್ಟರಿನ ಸಲಕರಣೆ ಪೆಟ್ಟಿಗೆಯಲ್ಲಿ ಇರಿಸಲು ಉಕ್ಕಿನ ಕನ್ನಡಿಯೇ ಮೇಲು. ವರ್ಕ್‌ಶಾಪಿನ ಮೇಜಿನ ಮೇಲೆ ಸೂಕ್ಷ್ಮ ಬಿರುಕುಗಳನ್ನು ನೋಡುವ ಕೆಲಸಕ್ಕೆ ಗಾಜಿನದು ಒಳ್ಳೆಯದು. ಎರಡನ್ನೂ ಇಟ್ಟುಕೊಳ್ಳುವುದು ಉತ್ತಮ. ಒಂದನ್ನೇ ಕೊಳ್ಳುವುದಾದರೆ ಉಕ್ಕಿನದನ್ನು ಕೊಳ್ಳತಕ್ಕದ್ದು.

ಉಬ್ಬು ಕನ್ನಡಿಯಲ್ಲಿ ಹೆಚ್ಚು ಜಾಗ ಕಾಣುತ್ತದೆ. ಆದರೆ ಎಲ್ಲವೂ ಸಣ್ಣದಾಗಿ, ದೂರದಲ್ಲಿರುವಂತೆ ತೋರುವುದರಿಂದ ಬಿರುಕಿನ ಉದ್ದವನ್ನಾಗಲಿ ಸವೆತದ ಪ್ರಮಾಣವನ್ನಾಗಲಿ ಅಂದಾಜು ಮಾಡಲಾಗದು. ವಾಹನಗಳ ಒಡೆದ ಸೈಡ್ ಕನ್ನಡಿಗಳು ಅನೇಕ ವೇಳೆ ಈ ಜಾತಿಯವು. ಮುಖಕ್ಷೌರಕ್ಕೆ ಬಳಸುವ, ಮುಖವನ್ನು ದೊಡ್ಡದಾಗಿ ತೋರಿಸುವ ತಗ್ಗು ಕನ್ನಡಿಯನ್ನು ಕಣದಲ್ಲಿ ಬಳಸಲೇಬಾರದು. ಬಿಸಿಲಿನಲ್ಲಿ ಮರೆತು ಬಿಟ್ಟರೆ ಕಿರಣಗಳನ್ನು ಒಂದೆಡೆ ಕೂಡಿಸಿ ಒಣಹುಲ್ಲಿಗೆ ಬೆಂಕಿ ಹತ್ತಿಸುವ ಸಂಭವವಿದೆ.

ಅಳತೆ ಮತ್ತು ಆಕಾರ

ಅಡ್ಡಳತೆ 2.5ರಿಂದ 3 ಸೆಂ.ಮೀ. ಇರುವ ದುಂಡು ಕನ್ನಡಿ ಇಕ್ಕಟ್ಟಾದ ಸಂದುಗಳಿಗೆ, 5ರಿಂದ 6 ಸೆಂ.ಮೀ. ಇರುವುದು ಸಾಮಾನ್ಯ ಕೆಲಸಕ್ಕೆ, ಸುಮಾರು 5 x 9 ಸೆಂ.ಮೀ. ಅಳತೆಯ ಆಯತಾಕಾರದ್ದು ಸಂಪು, ಚಾಸಿ ಮುಂತಾದ ಅಗಲವಾದ ಅಡಿಭಾಗಗಳನ್ನು ನೋಡಲು ಸೂಕ್ತ.

ಕನ್ನಡಿಯನ್ನು 45 ಡಿಗ್ರಿ ಓರೆ ಮಾಡಿದಾಗ ನೋಟವು ಸರಿಯಾಗಿ ಲಂಬಕೋನಕ್ಕೆ ತಿರುಗುತ್ತದೆ. ಆಗ 5 ಸೆಂ.ಮೀ.ನ ದುಂಡು ಕನ್ನಡಿ ಒಂದು ದಿಕ್ಕಿನಲ್ಲಿ ಕೇವಲ 3.5 ಸೆಂ.ಮೀ. ಇರುವಂತೆ ಕಾಣುತ್ತದೆ. ಕೊಂಚ ಉದ್ದನೆಯ ಕನ್ನಡಿಗಳನ್ನು ತಯಾರಿಸುವುದು ಈ ಕಾರಣಕ್ಕೇ. ಸಂದಿನಲ್ಲಿ ಹಿಡಿಸುವ ಕನ್ನಡಿಗಳಲ್ಲಿ ಅತಿ ದೊಡ್ಡದನ್ನು ಬಳಸಬೇಕೆಂಬುದು ನಿಯಮ.

ಕೀಲು

ಕನ್ನಡಿಯ ಜೀವ ಅದರ ಕೀಲಿನಲ್ಲಿದೆ. ಕನ್ನಡಿ ಒಂದು ಡಿಗ್ರಿ ಅಲುಗಿದರೆ ಅದರಲ್ಲಿ ಕಾಣುವ ನೋಟ ಎರಡು ಡಿಗ್ರಿ ಸರಿಯುತ್ತದೆ. ಹಾಗಾಗಿ ಸಡಿಲವಾದ ಕೀಲಿನ ಕನ್ನಡಿಯಲ್ಲಿ ಯಾವುದನ್ನೂ ನೆಟ್ಟಗೆ ನೋಡಲಾಗುವುದಿಲ್ಲ. ಒಂದೇ ಗುಂಡಿನ ಕೀಲಿಗಿಂತ ಎರಡು ಗುಂಡುಗಳಿರುವ ಜೋಡಿ ಕೀಲು ಹೆಚ್ಚು ಕಡೆಗೆ ತಿರುಗುತ್ತದೆ. ಎರಡು ಸಣ್ಣ ತಗಡುಗಳ ನಡುವೆ ಗುಂಡನ್ನು ಇಟ್ಟು, ಸ್ಕ್ರೂ ಹಾಕಿ ಬಿಗಿ ಮಾಡಿರುವ ಕೀಲನ್ನೇ ಆರಿಸಬೇಕು. ಸಡಿಲವಾದಾಗ ಸ್ಕ್ರೂ ಡ್ರೈವರಿನಿಂದ ಮತ್ತೆ ಬಿಗಿ ಮಾಡಿಕೊಳ್ಳಬಹುದು. ಒತ್ತಿ ಕೂರಿಸಿದ ಪ್ಲಾಸ್ಟಿಕ್ ಕೀಲು ಒಮ್ಮೆ ಸಡಿಲವಾದರೆ ಮುಗಿಯಿತು, ಅದಕ್ಕೆ ಮದ್ದಿಲ್ಲ.

ಸಲಾಕೆ ಮತ್ತು ಹಿಡಿ

ಕೊಡೆಯ ಕಾವಿನಂತೆ ಒಂದರೊಳಗೊಂದು ಜಾರುವ ಕೊಳವೆಗಳಿಂದ ಮಾಡಿದ ಸಲಾಕೆ ಮುಚ್ಚಿದಾಗ ಚಿಕ್ಕದಾಗಿದ್ದು, ಎಳೆದಾಗ ಎರಡು ಮೂರು ಪಟ್ಟು ಉದ್ದವಾಗುತ್ತದೆ. ಪೂರ್ತಿ ಎಳೆದಾಗ ಕನ್ನಡಿಯ ತೂಕಕ್ಕೆ ಅದು ಬಾಗಬಾರದು. ಕಬ್ಬಿಣದ ಕೊಳವೆಗೆ ಕ್ರೋಮಿಯಂ ಲೇಪ ಮಾಡಿದ್ದು ಹೊಸತರಲ್ಲಿ ಹೊಳೆಯುತ್ತದೆ. ಲೇಪ ಎದ್ದ ಮೇಲೆ ಮಳೆಗಾಲದಲ್ಲಿ ತುಕ್ಕು ಹಿಡಿದು ಕೊಳವೆಗಳು ಜಾಮ್ ಆಗುತ್ತವೆ. ಸ್ಟೇನ್‌ಲೆಸ್ ಸ್ಟೀಲ್ ಅಥವಾ ಹಿತ್ತಾಳೆಯದು ಬಾಳುತ್ತದೆ. ಅಯಸ್ಕಾಂತ ಹಿಡಿದು ನೋಡುವ ರೂಢಿ ಇದೆ. ಆದರೆ ಸ್ಟೇನ್‌ಲೆಸ್ ಸ್ಟೀಲಿನಲ್ಲಿಯೂ ಅಯಸ್ಕಾಂತಕ್ಕೆ ಅಂಟುವ ಜಾತಿಗಳಿರುವುದರಿಂದ ಈ ಪರೀಕ್ಷೆಯೊಂದನ್ನೇ ನಂಬಬಾರದು.

ಹಿಡಿಗೆ ರಬ್ಬರ್ ಅಥವಾ ಪಿ.ವಿ.ಸಿ. ಹೊದಿಕೆ ಇರಬೇಕು. ಎಣ್ಣೆಯ ಕೈಯಿಂದ ಅದು ಜಾರುವುದಿಲ್ಲ. ಆದರೆ ಹಿಡಿಗೆ ಹೊದಿಕೆ ಇದ್ದಮಾತ್ರಕ್ಕೆ ಸಲಾಕೆ ವಿದ್ಯುತ್ತಿನಿಂದ ಸುರಕ್ಷಿತವೆಂದು ಭಾವಿಸಬಾರದು.

ಅಂಗಡಿಯಲ್ಲಿ ಮಾಡಬೇಕಾದ ಪರೀಕ್ಷೆಗಳು

1. ಗೆರೆಯ ಪರೀಕ್ಷೆ: ಬಾಗಿಲ ಚೌಕಟ್ಟಿನ ಅಂಚನ್ನು ಕನ್ನಡಿಯಲ್ಲಿ ನೋಡುತ್ತ ಕನ್ನಡಿಯನ್ನು ನಿಧಾನವಾಗಿ ಸರಿಸಬೇಕು. ನೇರವಾದ ಅಂಚು ಹಾವಿನಂತೆ ಬಳುಕಿದರೆ ಕನ್ನಡಿ ಸಪಾಟಾಗಿಲ್ಲವೆಂದು ಅರ್ಥ.

2. ಉಗುರಿನ ಪರೀಕ್ಷೆ: ಉಗುರಿನ ತುದಿಯನ್ನು ಕನ್ನಡಿಗೆ ತಾಗಿಸಬೇಕು. ಉಗುರಿಗೂ ಅದರ ಬಿಂಬಕ್ಕೂ ನಡುವೆ ಸಂದು ಕಂಡರೆ ಹಿಂಬದಿಗೆ ಲೇಪವಿರುವ ಗಾಜು ಅಥವಾ ಅಕ್ರಿಲಿಕ್. ಎರಡೂ ಕೂಡಿಕೊಂಡರೆ ಮೇಲ್ಮೈಯೇ ಹೊಳೆಯುವ ಲೋಹದ ಕನ್ನಡಿ. ಉಕ್ಕಿನದೆಂದು ಹೇಳಿ ಬೇರೆಯದನ್ನು ಕೊಟ್ಟರೆ ಇದರಿಂದ ತಿಳಿಯುತ್ತದೆ.

3. ಕೊಡವುವ ಪರೀಕ್ಷೆ: ಸಲಾಕೆಯನ್ನು ಪೂರ್ತಿ ಎಳೆದು, ಅಡ್ಡಲಾಗಿ ಹಿಡಿದು, ಕನ್ನಡಿಯನ್ನು ಓರೆ ಮಾಡಿ ನಾಲ್ಕಾರು ಸಲ ಮೆಲ್ಲಗೆ ಕೊಡವಬೇಕು. ಕನ್ನಡಿ ತಲೆ ಬಾಗಿಸಿದರೆ ಕೀಲು ಸಡಿಲವಾಗಿದೆ. ಸ್ಕ್ರೂ ಬಿಗಿ ಮಾಡಿ ಮತ್ತೆ ನೋಡಬೇಕು. ಆಗಲೂ ನಿಲ್ಲದಿದ್ದಲ್ಲಿ ಕೊಳ್ಳಬಾರದು.

4. ಅಂಚಿನ ಪರೀಕ್ಷೆ: ಕನ್ನಡಿಯನ್ನು ಬರಿಯ ಅಂಟಿನಿಂದ ಕೂರಿಸಿದ್ದಾರೆಯೋ, ಲೋಹದ ಅಂಚನ್ನು ಮಡಿಸಿ ಹಿಡಿಸಿದ್ದಾರೆಯೋ ನೋಡಬೇಕು. ಶಾಖ ಮತ್ತು ಡೀಸಲಿಗೆ ಅಂಟು ಬಿಡುತ್ತದೆ. ಗಾಜಿನ ಕನ್ನಡಿಗಂತೂ ಮಡಿಸಿದ ಅಂಚು ಅವಶ್ಯ.

5. ಬಿಡಿಭಾಗ: ತಲೆಯ ಭಾಗವನ್ನು ಮಾತ್ರ ಬದಲಾಯಿಸಲು ಬರುವಂತಿದ್ದರೆ ಒಳ್ಳೆಯದು. ಕನ್ನಡಿ ಕೆಟ್ಟರೂ ಸಲಾಕೆ ಉಳಿಯುತ್ತದೆ.

ಕನ್ನಡಿಯ ಜೊತೆಗೇ ಸಣ್ಣ ದೀಪ ಕೂಡಿಸಿದ ಮಾದರಿಗಳೂ ಬರುತ್ತವೆ. ಅವುಗಳ ಗುಂಡಿಯಾಕಾರದ ಸೆಲ್ಲುಗಳು ಎಲ್ಲ ಹಳ್ಳಿಗಳಲ್ಲೂ ದೊರೆಯುವುದಿಲ್ಲ. ಬಳಸದೆ ಇಟ್ಟರೆ ಸೆಲ್ಲು ಸೋರಿ ಒಳಭಾಗವನ್ನು ಕೆಡಿಸುವುದೂ ಉಂಟು. ಕನ್ನಡಿ ಬೇರೆ, ಟಾರ್ಚು ಬೇರೆ ಇರುವುದೇ ಬಾಳಿಕೆಯ ದೃಷ್ಟಿಯಿಂದ ಲೇಸು.

ಬಳಸುವ ಕ್ರಮ

ಎಂಜಿನ್ ನಿಲ್ಲಿಸಿ, ತಣ್ಣಗಾದ ಮೇಲೆ ನೋಡಬೇಕಾದ ಭಾಗವನ್ನು ಮೊದಲು ಶುಚಿಗೊಳಿಸಬೇಕು. ಎಣ್ಣೆಯೂ ಧೂಳೂ ಸೇರಿ ಹೆಪ್ಪುಗಟ್ಟಿದ ಜಾಗದಲ್ಲಿ ಎಷ್ಟು ಒಳ್ಳೆಯ ಕನ್ನಡಿ ಹಿಡಿದರೂ ಕಾಣುವುದು ಕೊಳೆ ಮಾತ್ರ. ಒರೆಸಿ ಒಣಗಿಸಿದ ಮೇಲೆ ಸೀಮೆಸುಣ್ಣದ ಪುಡಿಯನ್ನು ತೆಳ್ಳಗೆ ಉದುರಿಸಿ, ಎಂಜಿನ್ನನ್ನು ಸ್ವಲ್ಪ ಹೊತ್ತು ನಡೆಸಿ, ನಿಲ್ಲಿಸಿ, ಮತ್ತೆ ನೋಡಬೇಕು. ಎಣ್ಣೆ ಸೋರುತ್ತಿದ್ದರೆ ಬಿಳಿಯ ಪುಡಿಯ ಮೇಲೆ ಕಪ್ಪು ಗೆರೆ ಮೂಡುತ್ತದೆ. ಎಣ್ಣೆ ಕೆಳಕ್ಕೆ ಹರಿಯುತ್ತದೆ, ಫ್ಯಾನಿನ ಗಾಳಿಗೆ ಹಿಂದಕ್ಕೂ ಸರಿಯುತ್ತದೆ. ಆದುದರಿಂದ ಒದ್ದೆಯಾದ ಜಾಗದ ಅತಿ ಮೇಲಿನ, ಅತಿ ಮುಂದಿನ ತುದಿಯನ್ನು ಹುಡುಕಬೇಕು. ಸೋರುವಿಕೆಯ ಮೂಲ ಅಲ್ಲಿರುತ್ತದೆ.

ಟಾರ್ಚನ್ನು ಕಣ್ಣಿನ ಪಕ್ಕದಲ್ಲಿಯೇ ಹಿಡಿದು ಬೆಳಕನ್ನು ಕನ್ನಡಿಯ ಮೇಲೆ ಬಿಡಬೇಕು. ಆಗ ಕಣ್ಣು ನೋಡುವ ಸ್ಥಳಕ್ಕೇ ಬೆಳಕೂ ಹೋಗುತ್ತದೆ.

ಕನ್ನಡಿಯಲ್ಲಿ ಎಡ-ಬಲಗಳು ಅದಲು ಬದಲಾಗುತ್ತವೆ ಎಂಬುದನ್ನು ಮರೆಯಬಾರದು. ಕನ್ನಡಿಯಲ್ಲಿ ನೋಡಿದ ಗಡಿಯಾರದ ಮುಳ್ಳು ಹಿಂದಕ್ಕೆ ಸುತ್ತುವಂತೆಯೇ, ಸಾಧಾರಣ ಬೋಲ್ಟನ್ನು ಬಿಗಿ ಮಾಡುವಾಗ ಅದು ಕನ್ನಡಿಯಲ್ಲಿ ಎಡಕ್ಕೆ ತಿರುಗಿದಂತೆ ತೋರುತ್ತದೆ. ಕನ್ನಡಿ ನೋಡಿಕೊಂಡು ಬೋಲ್ಟು ಬಿಚ್ಚಲು ಹೋಗಿ ಇನ್ನಷ್ಟು ಬಿಗಿ ಮಾಡಿ ಮುರಿದುಕೊಳ್ಳುವುದು ಹೊಸಬರಲ್ಲಿ ಸಾಮಾನ್ಯ. ಬೋಲ್ಟಿಗೆ ಸ್ಪ್ಯಾನರು ಕೂರಿಸುವವರೆಗೆ ಮಾತ್ರ ಕನ್ನಡಿಯನ್ನು ನೋಡಿ, ತಿರುಗಿಸುವಾಗ ದಿಕ್ಕನ್ನು ಮನಸ್ಸಿನಲ್ಲಿ ನಿಶ್ಚಯಿಸಿಕೊಳ್ಳುವುದು ಕ್ಷೇಮ. ಉಬ್ಬಚ್ಚಿನ ನಂಬರುಗಳೂ ತಿರುವುಮುರುವಾಗಿ ಕಾಣುತ್ತವೆ. ಎರಡನೆಯ ಕನ್ನಡಿಯಲ್ಲಿ ಆ ಬಿಂಬವನ್ನು ನೋಡಿದರೆ ಅಕ್ಷರಗಳು ನೆಟ್ಟಗಾಗುತ್ತವೆ.

ಎಲ್ಲೆಲ್ಲಿ ಏನನ್ನು ನೋಡಬೇಕು?

ಕ್ಲಚ್ ಹೌಸಿಂಗಿನ ಅಡಿ: ಅನೇಕ ಟ್ರ್ಯಾಕ್ಟರುಗಳಲ್ಲಿ ಇಲ್ಲೊಂದು ರಂಧ್ರವಿರುತ್ತದೆ. ಅಲ್ಲಿಂದ ಕಪ್ಪಾದ ತೆಳು ಎಣ್ಣೆ ಬರುತ್ತಿದ್ದರೆ ಎಂಜಿನ್ನಿನ ಹಿಂಬದಿಯ ಸೀಲಿನ ಮೇಲೆ, ಮಂದವಾದ ಎಣ್ಣೆಯಾಗಿದ್ದರೆ ಗೇರ್ ಬಾಕ್ಸಿನ ಸೀಲಿನ ಮೇಲೆ ಅನುಮಾನಪಡಬೇಕು. ಎಣ್ಣೆ ಕ್ಲಚ್ ಪ್ಲೇಟಿಗೆ ತಗುಲಿದರೆ ಕ್ಲಚ್ ಜಾರುತ್ತದೆ.

ಸೆಲ್ಫ್ ಮೋಟಾರಿನ ಜಾಗ: ಬ್ಯಾಟರಿ ಸಂಪರ್ಕ ತೆಗೆದು, ಮೋಟಾರನ್ನು ಬಿಚ್ಚಿದಾಗ ಆ ಕಿಂಡಿಯಿಂದ ಫ್ಲೈವೀಲಿನ ಹಲ್ಲುಗಳನ್ನು ನೋಡಬಹುದು. ಎಂಜಿನ್ನನ್ನು ಕೈಯಿಂದ ನಿಧಾನವಾಗಿ ತಿರುಗಿಸಿಸುತ್ತ ಸುತ್ತಲಿನ ಎಲ್ಲ ಹಲ್ಲುಗಳನ್ನೂ ಪರೀಕ್ಷಿಸಬೇಕು.

ಸೈಲೆನ್ಸರ್ ಜೋಡಣೆ: ಎಂಜಿನ್ನಿಗೆ ಸೇರುವ ಕಡೆಯ ಹಿಂಬದಿಯಲ್ಲಿ ಮಸಿಯ ಗೆರೆ ಕಂಡರೆ ಗ್ಯಾಸ್ಕೆಟ್ ಹೋಗಿದೆ ಅಥವಾ ಬಿರುಕು ಬಿಟ್ಟಿದೆ.

ಬೆಲ್ಟಿನ ಒಳಮೈ: ಫ್ಯಾನ್ ಬೆಲ್ಟು, ಒಕ್ಕಣೆ ಯಂತ್ರದ ಬೆಲ್ಟುಗಳು ಹೊರಗಿನಿಂದ ಚೆನ್ನಾಗಿ ಕಂಡರೂ ಒಳಮೈಯಲ್ಲಿ ಅಡ್ಡ ಬಿರುಕುಗಳಿರುತ್ತವೆ.

ರೇಡಿಯೇಟರಿನ ಹಿಂಬದಿ: ಒಕ್ಕಣೆಯ ಕಾಲದಲ್ಲಿ ಹೊಟ್ಟು, ರವದಿ ಸಿಕ್ಕಿಕೊಂಡು ಗಾಳಿಯ ದಾರಿಯನ್ನು ಮುಚ್ಚುತ್ತವೆ.

ಉಳುಮೆ ಸಲಕರಣೆಗಳು: ಕಲ್ಟಿವೇಟರ್, ನೇಗಿಲುಗಳ ಚೌಕಟ್ಟಿನ ಅಡಿಬದಿಯ ಬೆಸುಗೆಗಳಲ್ಲಿ ಕೂದಲೆಳೆಯ ಬಿರುಕು ಹುಟ್ಟುತ್ತದೆ. ಬಿರುಕಿನಿಂದ ಕೆಂಪು ತುಕ್ಕಿನ ಗೆರೆ ಇಳಿದಿರುವುದೇ ಅದರ ಗುರುತು.

ನೀರೆತ್ತುವ ಪಂಪು: ಹೀರು ಕೊಳವೆ ಬಿಚ್ಚಿದಾಗ ಒಳಗಿನ ಇಂಪೆಲ್ಲರಿನ ಬಾಯಲ್ಲಿ ಎಲೆ, ಬಟ್ಟೆ ಚೂರು ಸಿಕ್ಕಿದೆಯೇ, ರೆಕ್ಕೆಗಳು ಸವೆದಿವೆಯೇ ಎಂದು ನೋಡಬಹುದು.

ಸಿಂಪರಣಾ ಯಂತ್ರದ ಟ್ಯಾಂಕು: ತಳದಲ್ಲಿ ಉಳಿದ ಔಷಧದ ಗಸಿಯನ್ನು ಟ್ಯಾಂಕಿನೊಳಗೆ ಮುಖ ಹಾಕದೆ ಕನ್ನಡಿಯಿಂದ ನೋಡಬಹುದು. ಕೈಗವಸು ಧರಿಸಿರಬೇಕು. ನಂತರ ಕನ್ನಡಿಯನ್ನು ಸೋಪಿನ ನೀರಿನಿಂದ ತೊಳೆಯಬೇಕು.

ಎಚ್ಚರಿಕೆಗಳು

ಓಡುತ್ತಿರುವ ಫ್ಯಾನು, ಬೆಲ್ಟು, ಪಿ.ಟಿ.ಓ. ದಂಡಗಳ ಹತ್ತಿರ ಕನ್ನಡಿಯನ್ನು ಒಯ್ಯಕೂಡದು. ಕನ್ನಡಿಯಲ್ಲಿ ದೂರದ ಅಂದಾಜು ತಪ್ಪುತ್ತದೆ. ನೋಡುವವನ ಗಮನವೆಲ್ಲ ಬಿಂಬದ ಮೇಲಿರುವಾಗ ಅಂಗಿಯ ತೋಳು ದಂಡಕ್ಕೆ ಸಿಕ್ಕಿಕೊಳ್ಳಬಹುದು.

ಡೀಸಲ್ ಪಂಪಿನಿಂದ ನಾಜಲ್‌ಗಳಿಗೆ ಹೋಗುವ ಕೊಳವೆಗಳಲ್ಲಿ ಡೀಸಲಿನ ಒತ್ತಡ ವಾಯುಭಾರದ ನೂರಾರು ಪಟ್ಟು ಇರುತ್ತದೆ. ಸೂಜಿಮೊನೆಯಷ್ಟು ತೂತಿನಿಂದ ಚಿಮ್ಮುವ ಡೀಸಲ್ ಚರ್ಮವನ್ನು ಭೇದಿಸಿ ಒಳಹೋಗುತ್ತದೆ. ಹೊರಗೆ ಗಾಯ ಸಣ್ಣದಾಗಿ ಕಂಡರೂ ಒಳಗೆ ಮಾಂಸ ಕೊಳೆತು ಬೆರಳನ್ನೋ ಕೈಯನ್ನೋ ಕಳೆದುಕೊಳ್ಳುವ ಅಪಾಯವಿದೆ. ಈ ಕೊಳವೆಗಳನ್ನು ಎಂಜಿನ್ ನಿಲ್ಲಿಸಿಯೇ ಕನ್ನಡಿಯಿಂದ ನೋಡಬೇಕು, ಬೆರಳಿನಿಂದ ತಡವಬಾರದು. ಡೀಸಲ್ ಚರ್ಮದೊಳಗೆ ಹೊಕ್ಕಿದ್ದರೆ ನೋವಿಲ್ಲದಿದ್ದರೂ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಲೋಹದ ಸಲಾಕೆ ಬ್ಯಾಟರಿಯ ಎರಡು ಕಂಬಗಳಿಗೆ ಒಟ್ಟಿಗೆ ತಗುಲಿದರೆ ಕ್ಷಣದಲ್ಲಿ ಕೆಂಪಗೆ ಕಾದು ಕೈ ಸುಡುತ್ತದೆ. ಕಿಡಿಯಿಂದ ಬ್ಯಾಟರಿಯ ಅನಿಲಕ್ಕೆ ಬೆಂಕಿ ತಗುಲಿ ಸಿಡಿಯಲೂಬಹುದು. ಬ್ಯಾಟರಿ, ಸೆಲ್ಫ್ ಮೋಟಾರುಗಳ ಬಳಿ ನೋಡುವ ಮೊದಲು ಅರ್ಥ್ ತಂತಿಯನ್ನು ಬಿಚ್ಚಬೇಕು. ವಿದ್ಯುತ್ ಪಂಪು ಹಾಗೂ ಪ್ಯಾನೆಲ್ ಬೋರ್ಡುಗಳಲ್ಲಿ ಮೇನ್ ಸ್ವಿಚ್ ತೆಗೆದು, ಫ್ಯೂಸುಗಳನ್ನು ಕಿತ್ತು ಕೈಯಲ್ಲಿಟ್ಟುಕೊಂಡ ನಂತರವೇ ಕನ್ನಡಿ ಹಿಡಿಯಬೇಕು.

ಜಾಕ್ ಒಂದನ್ನೇ ನಂಬಿ ಟ್ರ್ಯಾಕ್ಟರಿನ ಅಡಿಗೆ ನುಸುಳಬಾರದು. ಉದ್ದ ಹಿಡಿಯ ಕನ್ನಡಿಯಿಂದ ಹೊರಗೆ ಕುಳಿತೇ ಅಡಿಭಾಗದ ಹೆಚ್ಚಿನ ಜಾಗವನ್ನು ನೋಡಬಹುದು.

ನಿರ್ವಹಣೆ

ಧೂಳು ಕೂತ ಕನ್ನಡಿಯನ್ನು ಒಣಗಿದಂತೆಯೇ ಉಜ್ಜಬಾರದು. ಮೊದಲು ನೀರು ಹಾಯಿಸಿ ಧೂಳನ್ನು ಕಳೆದು, ಸೋಪಿನ ನೀರಿನಿಂದ ತೊಳೆದು, ಹಳೆಯ ಹತ್ತಿ ಬಟ್ಟೆಯಿಂದ ಒತ್ತಿ ಒರೆಸಬೇಕು. ಉಕ್ಕಿನ ಕನ್ನಡಿಗೆ ಜಿಡ್ಡು ಹಿಡಿದಿದ್ದರೆ ಸೀಮೆಎಣ್ಣೆ ಬಳಸಬಹುದು. ಗಾಜಿನ ಕನ್ನಡಿಯನ್ನು ನೀರಿನಲ್ಲಾಗಲಿ ಎಣ್ಣೆಯಲ್ಲಾಗಲಿ ಮುಳುಗಿಸಬಾರದು, ಒದ್ದೆ ಬಟ್ಟೆಯಿಂದ ಒರೆಸಿದರೆ ಸಾಕು. ಸಲಾಕೆಯನ್ನು ಮುಚ್ಚುವ ಮೊದಲು ಕೊಳವೆಗಳ ಮೇಲಿನ ಮಣ್ಣನ್ನು ಒರೆಸಬೇಕು. ಕೀಲಿಗೆ ತೆಳು ಎಣ್ಣೆಯ ಒಂದು ಹನಿ ಸಾಕು. ಹೆಚ್ಚಾದರೆ ಧೂಳು ಅಂಟುತ್ತದೆ, ಕೀಲೂ ಜಾರುತ್ತದೆ. ಹಳೆಯ ಟ್ಯೂಬಿನ ತುಂಡಿನಿಂದ ಚೀಲ ಹೊಲಿದು, ಒಳಗೆ ಬಟ್ಟೆ ಇಟ್ಟು ಅದರಲ್ಲಿ ಕನ್ನಡಿಯನ್ನು ಇರಿಸಿದರೆ ಸ್ಪ್ಯಾನರುಗಳ ಪೆಟ್ಟು ತಾಗುವುದಿಲ್ಲ.

ಸ್ವತಃ ತಯಾರಿಸುವುದು

ಪಾತ್ರೆ ಅಥವಾ ಗೇಟು ತಯಾರಿಸುವವರಲ್ಲಿ ಉಳಿಯುವ, ಸುಮಾರು ಒಂದೂವರೆ ಮಿ.ಮೀ. ದಪ್ಪದ ಸ್ಟೇನ್‌ಲೆಸ್ ಸ್ಟೀಲ್ ತಗಡಿನಿಂದ 5 x 8 ಸೆಂ.ಮೀ. ತುಂಡನ್ನು ಕತ್ತರಿಸಿ, ಅಂಚುಗಳನ್ನು ಅರದಿಂದ ನುಣುಪು ಮಾಡಬೇಕು. ಸಪಾಟಾದ ಗಾಜಿನ ಮೇಲೆ ನೀರು ಕಾಗದವನ್ನು ಹಾಸಿ, 400, 600, 1000, 1500 ನಂಬರುಗಳ ಕ್ರಮದಲ್ಲಿ ನೀರು ಹಾಕಿ ಉಜ್ಜಬೇಕು. ಪ್ರತಿ ಸಲ ನಂಬರು ಬದಲಾಯಿಸುವಾಗ ಉಜ್ಜುವ ದಿಕ್ಕನ್ನು ಅಡ್ಡಕ್ಕೆ ತಿರುಗಿಸಬೇಕು. ಹಿಂದಿನ ಗೀರುಗಳೆಲ್ಲ ಹೋಗುವವರೆಗೆ ಮುಂದಿನ ನಂಬರಿಗೆ ಹೋಗಬಾರದು. ಕೊನೆಗೆ ಲೋಹಕ್ಕೆ ಹಾಕುವ ಪಾಲಿಷ್ ಹಚ್ಚಿ ಮೆತ್ತನೆಯ ಬಟ್ಟೆಯಿಂದ ತಿಕ್ಕಬೇಕು. ಒಂದು ಬದಿಯಲ್ಲಿ ತೂತು ಕೊರೆದು, ತುದಿ ಚಪ್ಪಟೆ ಮಾಡಿದ 4 ಮಿ.ಮೀ. ಸಲಾಕೆಗೆ ಸಣ್ಣ ಬೋಲ್ಟು, ಸ್ಪ್ರಿಂಗ್ ವಾಷರುಗಳಿಂದ ಜೋಡಿಸಿದರೆ ತಿರುಗುವ ಕನ್ನಡಿ ಸಿದ್ಧವಾಗುತ್ತದೆ. ಪೇಟೆಯದಕ್ಕೆ ಇದು ಸಮನಾಗದಿದ್ದರೂ ಸೋರುವಿಕೆ ಕಂಡುಹಿಡಿಯಲು ಧಾರಾಳ ಸಾಕು.

ಕ್ಯಾಮೆರಾ ಇದ್ದರೂ ಕನ್ನಡಿ ಬೇಕೆ?

ಈಗ ಮೊಬೈಲ್ ಫೋನಿಗೆ ಜೋಡಿಸುವ, 6ರಿಂದ 8 ಮಿ.ಮೀ. ದಪ್ಪದ ತಂತಿ ಕ್ಯಾಮೆರಾಗಳು ದೊರೆಯುತ್ತವೆ. ನಾಜಲ್ ಬಿಚ್ಚಿದ ರಂಧ್ರದಿಂದ ಸಿಲಿಂಡರಿನ ಒಳಗನ್ನು ನೋಡುವಂತಹ ಕೆಲಸ ಕನ್ನಡಿಯಿಂದ ಆಗುವುದಿಲ್ಲ, ಅದಕ್ಕೆ ಕ್ಯಾಮೆರಾವೇ ಬೇಕು. ಆದರೆ ಕನ್ನಡಿಗೆ ಚಾರ್ಜು ಬೇಡ, ಹೊಂದಿಸಿಕೊಳ್ಳುವ ತೊಡಕಿಲ್ಲ, ಕೆಸರು ಮೆತ್ತಿದರೂ ಒರೆಸಿದರೆ ಸರಿಹೋಗುತ್ತದೆ. ದಿನನಿತ್ಯದ ತಪಾಸಣೆಗೆ ಕನ್ನಡಿ, ವಿಶೇಷ ಕೆಲಸಕ್ಕೆ ಕ್ಯಾಮೆರಾ ಎಂದು ಹಂಚಿಕೊಳ್ಳುವುದು ಯುಕ್ತ.

ಯಂತ್ರೋಪಕರಣಗಳನ್ನು ಬಾಡಿಗೆಗೆ ಕೊಡುವ ಕೇಂದ್ರಗಳು, ಸಹಕಾರ ಸಂಘಗಳು ಮತ್ತು ಗ್ರಾಮದ ದುರಸ್ತಿ ಅಂಗಡಿಗಳು ಎರಡೆರಡು ಅಳತೆಯ ಕನ್ನಡಿಗಳನ್ನಾದರೂ ಇಟ್ಟುಕೊಳ್ಳಬೇಕು. ವಿಸ್ತರಣಾ ಕಾರ್ಯಕರ್ತರು ಟ್ರ್ಯಾಕ್ಟರ್ ನಿರ್ವಹಣಾ ತರಬೇತಿಗಳಲ್ಲಿ ನೀರಿನ ಪಂಪಿನ ಅಡಿಯ ರಂಧ್ರವನ್ನು ಪ್ರತಿಯೊಬ್ಬ ರೈತನೂ ತಾನೇ ಕನ್ನಡಿ ಹಿಡಿದು ನೋಡುವಂತೆ ಮಾಡಿದರೆ, ಹತ್ತು ಮಾತುಗಳಿಂದ ಆಗದ ತಿಳಿವಳಿಕೆ ಒಂದು ನೋಟದಿಂದ ಆಗುತ್ತದೆ.

ವಾರಕ್ಕೊಮ್ಮೆ, ಯಂತ್ರ ತಣ್ಣಗಿರುವ ಬೆಳಗಿನ ಹೊತ್ತಿನಲ್ಲಿ ಹತ್ತು ನಿಮಿಷ ಕನ್ನಡಿ ಹಿಡಿದು ಒಂದು ಸುತ್ತು ಬರುವುದನ್ನು ರೈತರು ರೂಢಿ ಮಾಡಿಕೊಳ್ಳಬೇಕು. ಬಿತ್ತನೆಗೆ ಹದಿನೈದು ದಿನ ಮೊದಲೇ ಕಂಡ ದೋಷಕ್ಕೆ ಬಿಡಿಭಾಗ ತರಿಸಲು ಸಮಯವಿರುತ್ತದೆ. ಬಿತ್ತನೆಯ ದಿನ ಕಂಡ ದೋಷಕ್ಕೆ ಹದ ಕಾಯುವುದಿಲ್ಲ.